ಮೆಕ್ಯಾನಿಕಲ್ ಬ್ರಾಂಚಿನ ಹೋಮಿ ಭಾಭಾ

ಹೋಮಿ ಭಾಭಾ ಅಂದ್ರೆ ನಮಗೆ ಗೊತ್ತಿದ್ದದ್ದು ಒಂದೇ ಸಾಲು. ಭಾರತದ ಅಣುಶಕ್ತಿಯ ಪಿತಾಮಹ. ಹೈಸ್ಕೂಲಿನ ಕ್ವಿಜ್‌ನಲ್ಲಿ ಬಜರ್ ಒತ್ತಿ ಹೇಳೋ ಉತ್ತರ, ಅಷ್ಟೇ. ಆಮೇಲೆ ಹಾಸ್ಟೆಲಿನಲ್ಲಿ ಒಂದೇ ಲ್ಯಾಪ್‌ಟಾಪಿನ ಮುಂದೆ ಆರು ಜನ ಕೂತು ‘ರಾಕೆಟ್ ಬಾಯ್ಸ್’ ನೋಡಿದೆವು. ಅದರಲ್ಲಿ ಸೂಟು, ಪಿಯಾನೊ, ರಾಜಕೀಯ ಎಲ್ಲಾ ಇತ್ತು, ಫಿಸಿಕ್ಸ್ ಮಾತ್ರ ಸ್ವಲ್ಪ ಕಡಿಮೆ. ಈ ಮನುಷ್ಯ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಅದೂ ಮನಸ್ಸಿಲ್ಲದೆ ಓದಿದ್ದು ಅನ್ನೋದು ನಮ್ಮ ತಲೆಗೆ ಹೋದದ್ದು ಮೂರನೇ ಸೆಮಿಸ್ಟರಿನ ಇಂಟರ್ನಲ್ಸ್ ಸಮಯದಲ್ಲಿ, ಓದಬೇಕಾದ್ದನ್ನು ಬಿಟ್ಟು ಬೇರೇನೋ ಓದುತ್ತಾ ಕೂತಾಗ. ಅವತ್ತಿನಿಂದ ಅವರು ನಮಗೆ ಪಿತಾಮಹನಿಗಿಂತ ಹೆಚ್ಚಾಗಿ ನಮ್ಮ ಸೀನಿಯರ್ ಥರ ಕಾಣಿಸತೊಡಗಿದರು.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಬೊಂಬಾಯಿಯಲ್ಲಿ. ಅನುಕೂಲಸ್ಥ ಪಾರ್ಸಿ ಮನೆತನ. ಆ ಮನೆತನದ ಒಂದು ಬೇರು ನಮ್ಮ ಕಡೆಯೇ ಇದೆ. ತಾತ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ತಂದೆ ಜಹಾಂಗೀರ್ ಬೆಳೆದದ್ದು ಬೆಂಗಳೂರಿನಲ್ಲಿ, ಆಮೇಲೆ ಆಕ್ಸ್‌ಫರ್ಡಿಗೆ ಹೋಗಿ ಓದಿ ವಕೀಲರಾದರು. ಸೋದರತ್ತೆ ಮೆಹರ್‌ಬಾಯಿಯನ್ನು ಮದುವೆಯಾದವರು ಜಮ್‌ಶೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿ ಟಾಟಾ. ಅಂದರೆ ಮನೆಯಲ್ಲಿ ಊಟದ ಹೊತ್ತಿಗೆ ಉಕ್ಕಿನ ಕಾರ್ಖಾನೆ, ವಿದ್ಯುತ್ ಯೋಜನೆಗಳ ಮಾತೇ. ಇನ್ನೊಂದು ಕಡೆ ಪುಸ್ತಕ, ಚಿತ್ರಕಲೆ, ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳು. ಹುಡುಗ ಎರಡನೇ ಕಡೆಗೇ ವಾಲಿದ.

ಅಪ್ಪ ಮತ್ತು ಮಾವನ ಪ್ಲ್ಯಾನ್ ಸರಳವಾಗಿತ್ತು. ಕೇಂಬ್ರಿಡ್ಜಿನಲ್ಲಿ ಮೆಕ್ಯಾನಿಕಲ್ ಮುಗಿಸೋದು, ವಾಪಸ್ ಬಂದು ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರೋದು. ಈಗಿನ ಭಾಷೆಯಲ್ಲಿ ಹೇಳ್ಬೇಕಂದ್ರೆ ಅಡ್ಮಿಷನ್‌ಗೆ ಮುಂಚೆಯೇ ಪ್ಲೇಸ್‌ಮೆಂಟ್ ಆಗಿಬಿಟ್ಟಿತ್ತು. 1927ರಲ್ಲಿ, ಇನ್ನೂ ಹದಿನೆಂಟು ತುಂಬದ ಹೋಮಿ, ಕೇಂಬ್ರಿಡ್ಜಿನ ಗಾನ್‌ವಿಲ್ ಅಂಡ್ ಕೀಸ್ ಕಾಲೇಜು ಸೇರಿದರು.

ಹೋದ ಸಮಯ ಎಂಥದ್ದು ನೋಡಿ. 1928ರಲ್ಲಿ ಅದೇ ಕೇಂಬ್ರಿಡ್ಜಿನಲ್ಲಿ ಪಾಲ್ ಡಿರಾಕ್ ತಮ್ಮ ಸಮೀಕರಣ ಬರೆದರು. ಎಲೆಕ್ಟ್ರಾನಿಗೆ ಕ್ವಾಂಟಂ ನಿಯಮವೂ ಬೇಕು, ರಿಲೇಟಿವಿಟಿಯೂ ಬೇಕು, ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಹಾಕಿದ ಸಮೀಕರಣ ಅದು. ಆ ಊರಿನಲ್ಲಿ ಕೂತು ಮೆಷಿನ್ ಡ್ರಾಯಿಂಗ್ ಮಾಡ್ತಾ ಇರೋದು ಹೇಗಿದ್ದಿರಬಹುದು ಅಂತ ಊಹಿಸೋದು ನಮಗೆ ಕಷ್ಟವೇನಲ್ಲ.

ಅದೇ ವರ್ಷ ಹೋಮಿ ಅಪ್ಪನಿಗೆ ಒಂದು ಕಾಗದ ಬರೆದರು. ಅದನ್ನು ನಾವು ಇಂಗ್ಲಿಷಿನಲ್ಲಿ ಪೂರ್ತಿ ಓದಿದೆವು. ಇಲ್ಲಿ ಹಾಗೇ ಎತ್ತಿ ಹಾಕಲ್ಲ, ಧಾಟಿ ಮಾತ್ರ ಹೇಳ್ತೀವಿ. ಕಂಪನಿಯ ಕೆಲಸ, ಇಂಜಿನಿಯರ್ ಹುದ್ದೆ ತನ್ನ ಸ್ವಭಾವಕ್ಕೆ ಒಗ್ಗುವುದಿಲ್ಲ. ದೊಡ್ಡ ಸಂಸ್ಥೆಯ ಮುಖ್ಯಸ್ಥನಾಗುವ ಆಸೆಯೂ ಇಲ್ಲ. ಅದನ್ನು ಇಷ್ಟಪಡುವ ಬುದ್ಧಿವಂತರು ಬೇಕಾದಷ್ಟಿದ್ದಾರೆ, ಅವರು ಮಾಡಲಿ. ತನ್ನ ದಾರಿ ಫಿಸಿಕ್ಸ್. ಹುಟ್ಟಾ ಸಂಗೀತಗಾರನನ್ನು ಹಿಡಿದು ನೀನು ವಿಜ್ಞಾನಿಯಾಗು ಅಂದರೆ ಏನು ಪ್ರಯೋಜನ ಅನ್ನೋ ಥರದ ವಾದವೂ ಅದರಲ್ಲಿದೆ. ಹದಿನೆಂಟು ವರ್ಷದ ಹುಡುಗ ಅಪ್ಪನಿಗೆ ಬರೆದ ಕಾಗದ ಅದು. ನಮ್ಮಲ್ಲಿ ಯಾರೂ ಅಂಥದ್ದನ್ನು ವಾಟ್ಸಾಪ್‌ನಲ್ಲಿ ಕೂಡ ಕಳಿಸಿಲ್ಲ. ಸಿಇಟಿ ಆಪ್ಷನ್ ಎಂಟ್ರಿ ದಿನ ಮನೆಯವರ ಪಕ್ಕದಲ್ಲಿ ಕೂತು ಅವರು ಹೇಳಿದ ಕೋಡ್‌ಗಳನ್ನು ಟೈಪ್ ಮಾಡಿದವರು ನಾವು.

ಆದರೆ ನಮಗೆ ಹೆಚ್ಚು ನಾಟಿದ್ದು ಆ ಕಾಗದವಲ್ಲ, ಅದಕ್ಕೆ ಬಂದ ಉತ್ತರ. ಜಹಾಂಗೀರ್ ಭಾಭಾ ಬೈಯಲಿಲ್ಲ, ಸರಿ ಬಿಟ್ಟುಬಿಡು ಅಂತಲೂ ಹೇಳಲಿಲ್ಲ. ವಕೀಲರಲ್ವಾ, ಒಂದು ಕರಾರು ಮುಂದಿಟ್ಟರು. ಮೊದಲು ಮೆಕ್ಯಾನಿಕಲ್ ಟ್ರೈಪಾಸ್ ಪರೀಕ್ಷೆಯನ್ನು ಫಸ್ಟ್ ಕ್ಲಾಸಿನಲ್ಲಿ ಮುಗಿಸು, ಹಾಗೆ ಮುಗಿಸಿದರೆ ಗಣಿತದ ಟ್ರೈಪಾಸ್ ಓದಲು ಇನ್ನೆರಡು ವರ್ಷದ ಖರ್ಚು ನನ್ನದು. ಹೋಮಿ ಒಪ್ಪಿದರು. ಇಷ್ಟವಿಲ್ಲದ ವಿಷಯವನ್ನು ಎರಡು ವರ್ಷ ಕೂತು ಓದಿ 1930ರಲ್ಲಿ ಫಸ್ಟ್ ಕ್ಲಾಸ್ ತಗೊಂಡರು. ಆಮೇಲೆ ಗಣಿತ ಓದಿ 1932ರಲ್ಲಿ ಅದರಲ್ಲೂ ಫಸ್ಟ್ ಕ್ಲಾಸ್. ಬ್ರಾಂಚ್ ಇಷ್ಟವಿಲ್ಲ ಅಂತ ಬ್ಯಾಕ್‌ಲಾಗ್ ಇಟ್ಕೊಂಡಿರೋರಿಗೆ ಇದನ್ನು ಹೇಳಬಾರದು, ಹೇಳಿದರೆ ಹೊಡೀತಾರೆ.

1932 ಕೇಂಬ್ರಿಡ್ಜಿಗೆ ಹಬ್ಬದ ವರ್ಷ. ಕ್ಯಾವೆಂಡಿಶ್ ಲ್ಯಾಬಿನಲ್ಲಿ ಚಾಡ್ವಿಕ್ ನ್ಯೂಟ್ರಾನ್ ಕಂಡುಹಿಡಿದರು. ಅಲ್ಲೇ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಯಂತ್ರದಿಂದ ವೇಗ ಕೊಟ್ಟ ಪ್ರೋಟಾನ್‌ಗಳಿಂದ ಲಿಥಿಯಂ ನ್ಯೂಕ್ಲಿಯಸ್ ಒಡೆದರು. ಅಮೆರಿಕದಲ್ಲಿ ಆಂಡರ್ಸನ್‌ಗೆ ಪಾಸಿಟ್ರಾನ್ ಸಿಕ್ಕಿತು. ಪಾಸಿಟ್ರಾನ್ ಅಂದರೆ ಎಲೆಕ್ಟ್ರಾನಿನಷ್ಟೇ ತೂಕ, ಚಾರ್ಜ್ ಮಾತ್ರ ಉಲ್ಟಾ. ಡಿರಾಕ್ ಸಮೀಕರಣ ಇಂಥದ್ದೊಂದು ಇರಬೇಕು ಅಂತ ಮೊದಲೇ ಸೂಚಿಸಿತ್ತು. ಅದು ಸಿಕ್ಕಿದ್ದು ವಿಶ್ವಕಿರಣಗಳಲ್ಲಿ. (ಇಂಗ್ಲಿಷ್ ಮೀಡಿಯಂನವರಾದ ನಾವು ‘ವಿಶ್ವಕಿರಣ’ ಅನ್ನೋ ಪದ ಕಲಿತದ್ದೇ ಈ ಲೇಖನಕ್ಕೋಸ್ಕರ. ಕಾಸ್ಮಿಕ್ ರೇಸ್. ಬಾಹ್ಯಾಕಾಶದಿಂದ ಸದಾ ಸುರಿಯುತ್ತಿರುವ ಕಣಗಳು.) ಆಗ ದೊಡ್ಡ ಆಕ್ಸಲರೇಟರ್‌ಗಳು ಇರಲಿಲ್ಲ. ಹೆಚ್ಚು ಶಕ್ತಿಯ ಕಣ ಬೇಕು ಅಂದ್ರೆ ಆಕಾಶವೇ ಗತಿ. ಭಾಭಾ ಹಿಡಿದದ್ದು ಈ ವಿಷಯವನ್ನು. ನಡುವೆ ಜ್ಯೂರಿಕ್‌ನಲ್ಲಿ ಪೌಲಿ ಜೊತೆ, ರೋಮ್‌ನಲ್ಲಿ ಫರ್ಮಿ ಜೊತೆ ಕೆಲಸ ಮಾಡಿ ಬಂದರು. 1935ರಲ್ಲಿ ಪಿಎಚ್‌ಡಿ ಬಂತು.

ಅವರ ಹೆಸರಿನಲ್ಲೇ ಉಳಿದಿರುವ ಕೆಲಸ ‘ಭಾಭಾ ಸ್ಕ್ಯಾಟರಿಂಗ್’, ಪ್ರಕಟವಾದದ್ದು 1936ರಲ್ಲಿ. ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಎದುರುಬದುರು ಬಂದು ದಿಕ್ಕು ಬದಲಿಸಿ ಹೊರಟುಹೋದವು ಅಂದುಕೊಳ್ಳಿ. ನಡುವೆ ಏನಾಯಿತು? ಎರಡೂ ಒಂದನ್ನೊಂದು ಸೆಳೆದು ಪಕ್ಕಕ್ಕೆ ಸರಿದಿರಬಹುದು. ಅಥವಾ ಎರಡೂ ಅಳಿಸಿಹೋಗಿ, ಆ ಶಕ್ತಿಯಿಂದ ಹೊಸದಾಗಿ ಒಂದು ಎಲೆಕ್ಟ್ರಾನ್, ಒಂದು ಪಾಸಿಟ್ರಾನ್ ಹುಟ್ಟಿ ಬಂದಿರಬಹುದು. ಹೊರಗೆ ನಿಂತು ನೋಡೋರಿಗೆ ವ್ಯತ್ಯಾಸ ಗೊತ್ತಾಗಲ್ಲ. ಕ್ವಾಂಟಂ ನಿಯಮದ ಪ್ರಕಾರ ಹಾಗಿದ್ದಾಗ ಒಂದನ್ನು ಆರಿಸಿಕೊಳ್ಳೋ ಹಾಗಿಲ್ಲ, ಎರಡೂ ದಾರಿಗಳನ್ನು ಕೂಡಿಸಿಯೇ ಲೆಕ್ಕ ಹಾಕಬೇಕು. ಭಾಭಾ ಅದನ್ನು ಕೂಡಿಸಿ ಲೆಕ್ಕ ಹಾಕಿದರು. ಈ ಲೆಕ್ಕ ಈಗಲೂ ದಿನನಿತ್ಯದ ಬಳಕೆಯಲ್ಲಿದೆ. ಜಿನೀವಾ ಹತ್ತಿರದ ಸರ್ನ್‌ನಲ್ಲಿ 2000ದವರೆಗೆ ಓಡಿದ ಲೆಪ್ ಯಂತ್ರ ಇರಲಿ, ಜಪಾನಿನ ತ್ಸುಕುಬಾದಲ್ಲಿರುವ ಸೂಪರ್‌ಕೆಇಕೆಬಿ ಇರಲಿ, ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿ ಹೊಡೆಸುವ ಕಡೆ ಯಂತ್ರ ಎಷ್ಟು ಡಿಕ್ಕಿ ಕೊಡುತ್ತಿದೆ ಅಂತ ಅಳೆಯೋಕೆ ಭಾಭಾ ಸ್ಕ್ಯಾಟರಿಂಗ್ ಎಣಿಸುತ್ತಾರೆ. ಉತ್ತರ ಮೊದಲೇ ನಿಖರವಾಗಿ ಗೊತ್ತಿರೋದರಿಂದ ಅದು ಅಳತೆಕೋಲಿನ ಹಾಗೆ.

ಇನ್ನೊಂದು 1937ರದ್ದು, ವಾಲ್ಟರ್ ಹೈಟ್ಲರ್ ಜೊತೆ ಸೇರಿ ಮಾಡಿದ್ದು. ಕಂಪ್ಯೂಟರ್ ಸೈನ್ಸಿನವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ, ಯಾಕಂದ್ರೆ ಇದು ಅಪ್ಪಟ ರಿಕರ್ಶನ್. ವಾತಾವರಣಕ್ಕೆ ಜೋರಾಗಿ ನುಗ್ಗಿದ ಎಲೆಕ್ಟ್ರಾನ್ ಯಾವುದೋ ನ್ಯೂಕ್ಲಿಯಸ್ ಪಕ್ಕ ಹಾಯುವಾಗ ಒಂದು ಗಾಮಾ ಫೋಟಾನ್ ಚೆಲ್ಲುತ್ತದೆ. ಆ ಫೋಟಾನ್ ಮುಂದೆ ಹೋಗಿ ಎಲೆಕ್ಟ್ರಾನ್, ಪಾಸಿಟ್ರಾನ್ ಜೋಡಿಯಾಗುತ್ತದೆ. ಅವೂ ಫೋಟಾನ್ ಚೆಲ್ಲುತ್ತವೆ. ಎರಡು, ನಾಲ್ಕು, ಎಂಟು. ಪ್ರತಿ ಸುತ್ತಿನಲ್ಲೂ ಶಕ್ತಿ ಹಂಚಿಹೋಗಿ, ಒಂದು ಮಿತಿಗಿಂತ ಕೆಳಗಿಳಿದಾಗ ಮರ ಬೆಳೆಯೋದು ನಿಲ್ಲುತ್ತದೆ. ಬೇಸ್ ಕೇಸ್! ಪ್ರಯೋಗಗಳಲ್ಲಿ ಒಂದೇ ಕ್ಷಣಕ್ಕೆ ನೂರಾರು ಕಣ ಮಳೆಯಂತೆ ಕಾಣಿಸುತ್ತಿದ್ದದ್ದು ಯಾಕೆ ಅನ್ನೋದಕ್ಕೆ ಇದು ಉತ್ತರ. ಅದೇ ವರ್ಷ ಅಮೆರಿಕದಲ್ಲಿ ಕಾರ್ಲ್‌ಸನ್ ಮತ್ತು ಓಪನ್‌ಹೈಮರ್ ಕೂಡ ಸ್ವತಂತ್ರವಾಗಿ ಇದೇ ಉತ್ತರಕ್ಕೆ ಬಂದಿದ್ದರು.

ನಮ್ಮ ಫೇವರಿಟ್ ಮಾತ್ರ ಮೂರನೆಯದು. ಆ ದಿನಗಳಲ್ಲಿ ವಿಶ್ವಕಿರಣಗಳಲ್ಲಿ ಎಲೆಕ್ಟ್ರಾನಿಗಿಂತ ಭಾರ, ಪ್ರೋಟಾನಿಗಿಂತ ಹಗುರವಾದ ಹೊಸ ಕಣವೊಂದು ಸಿಕ್ಕಿತ್ತು. ಈಗ ಅದಕ್ಕೆ ಮ್ಯುವಾನ್ ಅಂತೀವಿ. 1938ರಲ್ಲಿ ಭಾಭಾ ‘ನೇಚರ್’ ಪತ್ರಿಕೆಗೆ ಬರೆದ ಸಣ್ಣ ಟಿಪ್ಪಣಿಯಲ್ಲಿ ಒಂದು ವಿಷಯ ತೋರಿಸಿಕೊಟ್ಟರು. ಇಂಥ ಕಣ ತಾನಾಗಿಯೇ ಒಡೆಯುವಂಥದ್ದಾದರೆ, ಐನ್‌ಸ್ಟೈನ್ ಹೇಳಿದ ಹಾಗೆ ಓಡುವ ಕಣದ ಗಡಿಯಾರ ನಿಧಾನವಾಗಬೇಕು, ಅಂದರೆ ವೇಗ ಹೆಚ್ಚಿದಷ್ಟೂ ಅದು ನಮ್ಮ ಕಣ್ಣಿಗೆ ಹೆಚ್ಚು ಹೊತ್ತು ಬದುಕಬೇಕು. ಈಗ ಗೊತ್ತಿರುವ ಅಂಕಿ ಹಾಕಿ ನಾವೇ ಕ್ಯಾಲ್ಕುಲೇಟರ್ ಒತ್ತಿ ನೋಡಿದೆವು. ನಿಂತ ಮ್ಯುವಾನಿನ ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲೇ ಓಡಿದರೂ ಅಷ್ಟರಲ್ಲಿ ಹೋಗೋದು 660 ಮೀಟರ್. ಆದರೆ ಅವು ಹುಟ್ಟೋದು ಹತ್ತು ಹದಿನೈದು ಕಿಲೋಮೀಟರ್ ಮೇಲೆ, ನಮ್ಮ ತಲೆಯ ಮೇಲೂ ಬೀಳ್ತಾ ಇವೆ. ಹೇಗೆ? ಬೆಳಕಿನ ವೇಗದ ಶೇ. 99.9ರಷ್ಟು ವೇಗವಿದ್ದರೆ ಆಯಸ್ಸು ಸುಮಾರು 22 ಪಟ್ಟು ಹಿಗ್ಗುತ್ತದೆ. 660 ಇಂಟು 22. ಹದಿನಾಲ್ಕೂವರೆ ಕಿಲೋಮೀಟರ್! ಕೆಲವೇ ವರ್ಷದಲ್ಲಿ ರೋಸಿ ಮತ್ತು ಹಾಲ್ ಅಮೆರಿಕದ ಕೊಲರಾಡೋ ಬೆಟ್ಟಗಳಲ್ಲಿ ಎತ್ತರಕ್ಕೊಂದು, ತಗ್ಗಿಗೊಂದು ಅಳತೆ ತಗೊಂಡು ಇದು ನಿಜ ಅಂತ ತೋರಿಸಿದರು.

ಇಷ್ಟು ಹೊತ್ತಿಗೆ ಭಾಭಾ ಅವರಿಗೆ ಮೂವತ್ತು ವರ್ಷ ಕೂಡ ಆಗಿರಲಿಲ್ಲ. ಕೇಂಬ್ರಿಡ್ಜಿನಲ್ಲಿದ್ದಾಗ ಮೊಟ್ಸಾರ್ಟನ ಒಂದು ಆಪೆರಾಗೆ ರಂಗಸಜ್ಜಿಕೆಯನ್ನೂ ಮಾಡಿಕೊಟ್ಟಿದ್ದರು. ಒಬ್ಬರಿಗೇ ಇಷ್ಟೆಲ್ಲಾ ಯಾಕೆ ಕೊಡ್ತಾನೆ ದೇವರು ಅಂತ ನಮ್ಮ ರೂಮಿನಲ್ಲಿ ಒಂದು ಚರ್ಚೆಯೇ ನಡೆಯಿತು.

1939ರಲ್ಲಿ ರಜೆಗೆಂದು ಊರಿಗೆ ಬಂದರು. ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು, ವಾಪಸ್ ಹೋಗೋ ದಾರಿ ಮುಚ್ಚಿತು. ತಾತ ಕೆಲಸ ಮಾಡಿದ, ಅಪ್ಪ ಬೆಳೆದ ಊರಿಗೆ ಹೀಗೆ ಮೊಮ್ಮಗ ಬಂದು ಸೇರಿದರು. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳೇ ಬೆಂಗಳೂರಿನವರ ಬಾಯಲ್ಲಿ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್, ವಿಶ್ವಕಿರಣ ಭೌತಶಾಸ್ತ್ರದ ರೀಡರ್ ಆದರು. ಭೌತಶಾಸ್ತ್ರ ವಿಭಾಗದಲ್ಲಿ ಸಿ.ವಿ. ರಾಮನ್ ಇದ್ದರು. ಯುವಕ ವಿಕ್ರಮ್ ಸಾರಾಭಾಯಿ ಕೂಡ ಅಲ್ಲೇ ವಿಶ್ವಕಿರಣ ಅಳೆಯುತ್ತಿದ್ದರು. ಮುಂದೆ ದೊಡ್ಡ ಗಣಿತಜ್ಞರಾದ ಹರೀಶ್‌ಚಂದ್ರ ಇಲ್ಲೇ ಭಾಭಾ ಜೊತೆ ಕೆಲಸ ಮಾಡಿ, ಆಮೇಲೆ ಡಿರಾಕ್ ಹತ್ತಿರ ಹೋದರು. 1941ರಲ್ಲಿ ಭಾಭಾ ರಾಯಲ್ ಸೊಸೈಟಿಯ ಫೆಲೋ ಆದಾಗ ವಯಸ್ಸು 31. ಅದೇ ವರ್ಷ ರಾಮನ್ ಅವರು ಒಂದು ಸಭೆಯಲ್ಲಿ ಅವರನ್ನು ಲಿಯೊನಾರ್ಡೊ ಡ ವಿಂಚಿಗೆ ಹೋಲಿಸಿದರು. ರಾಮನ್ ಸುಮ್ಮಸುಮ್ಮನೆ ಹೊಗಳೋ ಪೈಕಿ ಅಲ್ಲ.

ಬೆಂಗಳೂರಿನ ಈ ಐದಾರು ವರ್ಷಗಳಲ್ಲೇ ಅವರ ಬದುಕು ತಿರುಗಿದ್ದು. ಮೊದಲಿಗೆ ಯುದ್ಧ ಮುಗಿದ ಕೂಡಲೇ ಯುರೋಪಿಗೆ ಹೊರಡೋ ಯೋಚನೆಯೇ ಇತ್ತು. ನಿಧಾನವಾಗಿ ಅದು ಬದಲಾಯಿತು. ಕೆಲಸಕ್ಕೆ ಬೇಕಾದ ವಾತಾವರಣ ಇಲ್ಲೇ ಸಿಗೋದಾದರೆ ಇಲ್ಲೇ ಇರುವುದು ತನ್ನ ಕರ್ತವ್ಯ ಅನ್ನೋ ಅರ್ಥದಲ್ಲಿ ಜೆ.ಆರ್.ಡಿ. ಟಾಟಾ ಅವರಿಗೆ ಬರೆದರು. 1944ರ ಮಾರ್ಚ್ 12ರಂದು ದೊರಾಬ್‌ಜಿ ಟಾಟಾ ಟ್ರಸ್ಟಿಗೆ ಇನ್ನೊಂದು ಕಾಗದ. ಮೂಲಭೂತ ಭೌತಶಾಸ್ತ್ರಕ್ಕೆ ಒಂದು ಸಂಸ್ಥೆ ಬೇಕು. ಇನ್ನೊಂದೆರಡು ದಶಕದಲ್ಲಿ ಅಣುಶಕ್ತಿಯಿಂದ ವಿದ್ಯುತ್ ತೆಗೆಯುವ ಕಾಲ ಬಂದಾಗ ಭಾರತ ತಜ್ಞರಿಗಾಗಿ ಹೊರಗೆ ಹುಡುಕಬಾರದು, ಇಲ್ಲೇ ಸಿಗಬೇಕು ಅನ್ನೋದು ಅದರ ಸಾರ. ದಿನಾಂಕ ಇನ್ನೊಮ್ಮೆ ನೋಡಿ. ಹಿರೋಷಿಮಾ ಆಗಲು ಇನ್ನೂ ಒಂದೂಕಾಲು ವರ್ಷಕ್ಕಿಂತ ಹೆಚ್ಚಿತ್ತು.

ಟಿಐಎಫ್‌ಆರ್ ಶುರುವಾದದ್ದು 1945ರ ಜೂನಿನಲ್ಲಿ, ಬೆಂಗಳೂರಿನ ಆ ಕ್ಯಾಂಪಸ್ಸಿನಲ್ಲೇ. ವರ್ಷದ ಕೊನೆಗೆ ಬೊಂಬಾಯಿಗೆ, ಪೆಡ್ಡರ್ ರಸ್ತೆಯಲ್ಲಿ ಸಂಬಂಧಿಕರದ್ದೇ ಆದ ಒಂದು ಬಂಗಲೆಗೆ ಹೋಯಿತು. ಮುಂದಿನದು ಕ್ವಿಜ್ ಪುಸ್ತಕದಲ್ಲಿರುವ ಭಾಗ. 1948ರಲ್ಲಿ ಅಣುಶಕ್ತಿ ಆಯೋಗ, ಅಧ್ಯಕ್ಷರು ಭಾಭಾ. 1954ರಲ್ಲಿ ಇಲಾಖೆ, ಕಾರ್ಯದರ್ಶಿಯೂ ಭಾಭಾ. 1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ‘ಅಪ್ಸರಾ’ ರಿಯಾಕ್ಟರ್. ಇಂಧನ ಬ್ರಿಟನ್ನಿನದು, ಕಟ್ಟಿದವರು ಇಲ್ಲಿನ ಇಂಜಿನಿಯರುಗಳು. ಅದರ ನೀರಿನಲ್ಲಿ ಕಾಣುವ ನೀಲಿ ಬೆಳಕನ್ನು ನೋಡಿ ಹೆಸರಿಟ್ಟದ್ದು ನೆಹರೂ. 1957ರಲ್ಲಿ ಟ್ರೇನಿಂಗ್ ಸ್ಕೂಲ್. ಟಿಐಎಫ್‌ಆರ್‌ನಲ್ಲಿ ‘ಟಿಫ್ರ್ಯಾಕ್’ ಅನ್ನೋ ಕಂಪ್ಯೂಟರನ್ನು ಇಲ್ಲಿನವರೇ ಕಟ್ಟಿದರು. ನಮ್ಮ ಯುರೇನಿಯಂ ಕಡಿಮೆ, ಕೇರಳದ ಕರಾವಳಿ ಮರಳಲ್ಲಿ ಥೋರಿಯಂ ಜಾಸ್ತಿ ಅಂತ ಮೂರು ಹಂತದ ಯೋಜನೆ ಹಾಕಿದರು. ಮೊದಲ ಹಂತದಲ್ಲಿ ಸಹಜ ಯುರೇನಿಯಂ ಮತ್ತು ಭಾರಜಲದ ರಿಯಾಕ್ಟರ್, ಎರಡರಲ್ಲಿ ಅದರಿಂದ ಸಿಕ್ಕ ಪ್ಲುಟೋನಿಯಂ, ಮೂರರಲ್ಲಿ ಥೋರಿಯಂ. ಉತ್ತರ ಕನ್ನಡದ ಕೈಗಾದಲ್ಲಿ ಓಡುತ್ತಿರುವುದು ಮೊದಲ ಹಂತದ ರಿಯಾಕ್ಟರುಗಳೇ.

ಈಗ ನಾವು ಹೇಳ್ಬೇಕು ಅಂದುಕೊಂಡ ವಿಷಯಕ್ಕೆ ಬರ್ತೀವಿ. ಈ ಪಟ್ಟಿಯಲ್ಲಿ ಇರೋದೆಲ್ಲ ಏನು? ಪಂಪು, ಪೈಪು, ವೆಲ್ಡಿಂಗು, ಕಾಂಕ್ರೀಟು, ಬಜೆಟ್ಟು, ನೇಮಕಾತಿ. ದೊಡ್ಡ ಸಂಸ್ಥೆಯ ಮುಖ್ಯಸ್ಥನಾಗೋದು ನನಗೆ ಬೇಡ ಅಂತ ಹದಿನೆಂಟನೇ ವಯಸ್ಸಿನಲ್ಲಿ ಅಪ್ಪನಿಗೆ ಬರೆದಿದ್ದ ಹುಡುಗ, ದೇಶದಲ್ಲೇ ದೊಡ್ಡದಾದ ವೈಜ್ಞಾನಿಕ ಸಂಸ್ಥೆಗಳ ಮುಖ್ಯಸ್ಥನಾಗಿ ಕೂತಿದ್ದರು. ಬಿಟ್ಟು ಓಡಿದ ಇಂಜಿನಿಯರಿಂಗು ಅವರನ್ನು ಹುಡುಕಿಕೊಂಡು ಬಂದಿತ್ತು. ಸ್ವಂತ ಸಂಶೋಧನೆ 1950ರ ದಶಕ ಮುಗಿಯುವಷ್ಟರಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು. ಅವರಿಗೆ ಬೇಜಾರಾಯಿತಾ? ಕೊಲಾಬಾದಲ್ಲಿ ಟಿಐಎಫ್‌ಆರ್ ಕಟ್ಟಡ ಏಳುವಾಗ ತೋಟ, ಮರ, ಗೋಡೆಯ ಮೇಲಿನ ಚಿತ್ರ ಎಲ್ಲವನ್ನೂ ತಾವೇ ನಿಂತು ನೋಡಿಕೊಂಡರು, ಎಂ.ಎಫ್. ಹುಸೇನ್ ಅವರಿಂದ ದೊಡ್ಡ ಭಿತ್ತಿಚಿತ್ರ ಬರೆಸಿದರು. ಬೇಜಾರಿನಲ್ಲಿ ಇರೋ ಮನುಷ್ಯ ಮಾಡೋ ಕೆಲಸ ಅಲ್ಲ ಇದು. ಆದರೂ 1938ರ ಆ ಟಿಪ್ಪಣಿ ಓದಿದ ಮೇಲೆ ನಮಗಂತೂ ಹೊಟ್ಟೆ ಉರೀತದೆ. ರಿಯಾಕ್ಟರ್ ಕಟ್ಟೋರು ಬೇರೆ ಯಾರಾದರೂ ಸಿಗ್ತಿದ್ದರೇನೋ. ಇದನ್ನು ಒಪ್ಪದ ಗೆಳೆಯರೂ ನಮ್ಮಲ್ಲಿ ಇದ್ದಾರೆ. ಅವರು ಸಿಗ್ತಿರಲಿಲ್ಲ ಅಂತಾರೆ, 1948ರಲ್ಲಿ ಆ ಕೆಲಸಕ್ಕೆ ಇನ್ನೊಬ್ಬರ ಹೆಸರು ಹೇಳಿ ಅಂತಾರೆ.

ತಪ್ಪುಗಳೂ ಇವೆ, ಮುಚ್ಚಿಡೋದು ಬೇಡ. 1955ರಲ್ಲಿ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆಯ ಮೊದಲ ಅಂತರರಾಷ್ಟ್ರೀಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಇಪ್ಪತ್ತು ವರ್ಷದಲ್ಲಿ ಫ್ಯೂಶನ್ ಶಕ್ತಿಯನ್ನು ಪಳಗಿಸುವ ದಾರಿ ಸಿಗುತ್ತದೆ ಅಂದರು. ಎಪ್ಪತ್ತು ವರ್ಷ ಆಯ್ತು, ಫ್ಯೂಶನ್ ಕರೆಂಟು ಇನ್ನೂ ಯಾರ ಮನೆಗೂ ಬಂದಿಲ್ಲ. ಮೂರನೇ ಹಂತದ ಥೋರಿಯಂ ಕೂಡ ಬಂದಿಲ್ಲ. ಅಣುಶಕ್ತಿಯ ಕೆಲಸವೆಲ್ಲ ಗುಟ್ಟಾಗಿ, ಒಂದೇ ಕಡೆ, ಒಬ್ಬರ ಕೈಯಲ್ಲಿ ನಡೆಯೋದನ್ನು ಮೇಘನಾದ ಸಹಾ ಆಗಲೇ ಜೋರಾಗಿ ಆಕ್ಷೇಪಿಸಿದ್ದರು. ಸಂಶೋಧನೆ ವಿಶ್ವವಿದ್ಯಾಲಯಗಳಿಂದ ಎದ್ದು ಪ್ರತ್ಯೇಕ ಸಂಸ್ಥೆಗಳಿಗೆ ಹೋಗಿಬಿಟ್ಟಿತು ಅನ್ನೋ ದೂರು ಇವತ್ತಿಗೂ ಇದೆ. ಕಾಲೇಜು ಲ್ಯಾಬಿನಲ್ಲಿ ಅವೇ ಹತ್ತು ಪ್ರಯೋಗಗಳನ್ನು ಹಿಂದಿನ ವರ್ಷದ ರೆಕಾರ್ಡ್ ನೋಡಿ ಬರೆಯುವ ನಮಗೆ ಆ ದೂರು ಪೂರ್ತಿ ಸುಳ್ಳು ಅನ್ನಿಸಲ್ಲ.

ಆದರೆ ಅದೇ ಟಿಐಎಫ್‌ಆರ್‌ನವರು 1950ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಗೆ ಇಳಿದರು. ಹೌದು, ಕೆಜಿಎಫ್. ರಾಕಿ ಭಾಯ್‌ಗಿಂತ ಬಹಳ ಮುಂಚೆ. ಮೇಲಿನ ಬಂಡೆಯೆಲ್ಲ ಜರಡಿಯ ಹಾಗೆ ವಿಶ್ವಕಿರಣವನ್ನು ತಡೆದು ನಿಲ್ಲಿಸುತ್ತದೆ. ಎಷ್ಟು ಆಳ ಹೋದರೆ ಅಷ್ಟು ಶಾಂತ. 1965ರಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯದವರ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಬಿಟ್ಟ ಗುರುತನ್ನು ಹಿಡಿಯಿತು. ಜಗತ್ತಿನಲ್ಲೇ ಮೊದಲು. ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಇದೇ ಬೇಟೆಯಲ್ಲಿದ್ದ ತಂಡದ ಫಲಿತಾಂಶ ಕೆಲವೇ ದಿನ ತಡವಾಗಿ ಬಂತು. ಈ ಸುದ್ದಿ ಬಂದಾಗ ಭಾಭಾ ಇದ್ದರು. ಆಕಾಶದಿಂದ ಬೀಳೋ ಕಣಗಳ ಲೆಕ್ಕ ಹಾಕಿ ಬದುಕು ಶುರುಮಾಡಿದವರಿಗೆ ಇದು ಹೇಗನ್ನಿಸಿತೋ.

1966ರ ಜನವರಿ 24. ವಿಯೆನ್ನಾದಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಸಭೆಗೆ ಹೊರಟಿದ್ದ ಭಾಭಾ ಏರ್ ಇಂಡಿಯಾದ ಬೋಯಿಂಗ್ 707 ‘ಕಾಂಚನಜುಂಗಾ’ದಲ್ಲಿದ್ದರು. ಜಿನೀವಾದಲ್ಲಿ ಇಳಿಯಬೇಕಿದ್ದ ವಿಮಾನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು 117 ಜನ ಸತ್ತರು. ಭಾಭಾಗೆ 56 ವರ್ಷ. ಲಾಲ್ ಬಹದ್ದೂರ್ ಶಾಸ್ತ್ರಿ ತೀರಿಕೊಂಡು ಎರಡು ವಾರವಾಗಿತ್ತು, ಅವತ್ತೇ ಇಂದಿರಾ ಗಾಂಧಿ ಪ್ರಧಾನಿಯಾಗಿ ಪ್ರಮಾಣವಚನ ತಗೊಂಡರು. ಸಿಐಎ ಮಾಡಿಸಿದ್ದು ಅನ್ನೋ ವಿಡಿಯೋಗಳು ಎಲ್ಲರ ಫ್ಯಾಮಿಲಿ ಗ್ರೂಪಿನಲ್ಲೂ ಬಂದಿರುತ್ತವೆ. ತನಿಖೆ ಹೇಳಿದ್ದು ಬೇರೆ. ವಿಮಾನದ ಒಂದು ದಿಕ್ಸೂಚಿ ರಿಸೀವರ್ ಕೆಟ್ಟಿತ್ತು, ಕಂಟ್ರೋಲರ್ ಕೊಟ್ಟ ತಿದ್ದುಪಡಿ ಪೈಲಟ್‌ಗೆ ಸರಿಯಾಗಿ ಅರ್ಥವಾಗಲಿಲ್ಲ, ಪರ್ವತ ದಾಟಿ ಆಯಿತು ಅಂದುಕೊಂಡು ಇಳಿಯತೊಡಗಿದರು. ಕೆಟ್ಟ ಉಪಕರಣ, ತಪ್ಪಾಗಿ ತಿಳಿದ ಒಂದು ಮಾತು. ಇಂಜಿನಿಯರಿಂಗ್ ಓದೋ ನಮಗೆ ಪಿತೂರಿಗಿಂತ ಇದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತೆ.

ಆಯೋಗದ ಅಧ್ಯಕ್ಷತೆಯನ್ನು ಬೆಂಗಳೂರು ದಿನಗಳ ಗೆಳೆಯ ಸಾರಾಭಾಯಿ ವಹಿಸಿಕೊಂಡರು. ಮರುವರ್ಷ ಟ್ರಾಂಬೆಯ ಕೇಂದ್ರಕ್ಕೆ ಭಾಭಾ ಹೆಸರಿಟ್ಟರು. 1957ರಲ್ಲಿ ಶುರುವಾದ ಆ ಟ್ರೇನಿಂಗ್ ಸ್ಕೂಲ್ ಈಗಲೂ ಪ್ರತಿ ವರ್ಷ ಇಂಜಿನಿಯರುಗಳನ್ನು ತಗೊಳ್ಳುತ್ತೆ. ಈ ಸಲ ನಮ್ಮ ಫೈನಲ್ ಇಯರ್ ಮೆಕ್ಯಾನಿಕಲ್ ಅಣ್ಣ ಒಬ್ಬರು ಅದಕ್ಕೆ ಓದ್ತಾ ಇದ್ದಾರೆ. ಭಾಭಾ ಕಾಗದದ ವಿಷಯ ಹೇಳಿದ್ದಕ್ಕೆ, ಮೊದಲು ಥರ್ಮೋ ಮುಗಿಸ್ತೀನಿ, ಆಮೇಲೆ ಕೊಡು ಓದ್ತೀನಿ ಅಂದರು.